ಇಳಿಯುವವರಿದ್ದರೆ

"ಹಿಂದಿನ ಜೆಟ್ಟಿಗೆ ಒಂದು."

ಟಿಕೆಟ್ ಕಿಟಕಿಯೊಳಗಿದ್ದ ಹುಡುಗಿ ತಲೆಯೆತ್ತಿ ನೋಡಿದಳು. "ಹಿಂದಿನದಾ? ದ್ವೀಪದ ಆ ಕಡೇದಾ? ಅಲ್ಲಿ ಯಾರಿದಾರೆ ಈಗ?"

"ಒಬ್ಬರಿದಾರೆ."

ಹುಡುಗಿ ಇನ್ನೇನೂ ಕೇಳದೆ ಟಿಕೆಟ್ ಹರಿದು ಕೊಟ್ಟಳು. ಸರತಿಯಲ್ಲಿದ್ದ ಉಳಿದವರೆಲ್ಲ ಮುಂದಿನ ಜೆಟ್ಟಿಯವರು. ಮಕ್ಕಳನ್ನು ಮರಳಿನಲ್ಲಿ ಹೊರಳಾಡಿಸಿಕೊಂಡು ಬರಲು ಹೊರಟ ಸಂಸಾರಗಳು, ಕೈಕೈ ಹಿಡಿದ ಜೋಡಿಗಳು, ಚೆಂಡು, ಕೊಡೆ, ಚಾಪೆ. ಭಾನುವಾರದ ಬೋಟೆಂದರೆ ಸಂತೆ. ಅದರ ನಡುವೆ ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು ಅವಳು ಹಲಗೆ ದಾಟಿ, ಎಂಜಿನ್ನಿನ ಪಕ್ಕದ ಬೆಂಚಿನಲ್ಲಿ ಕೂತಳು. ಡೀಸೆಲ್ ವಾಸನೆಗೆ ಅಲ್ಲಿ ಬೇರೆ ಯಾರೂ ಕೂರುವುದಿಲ್ಲ ಎಂಬುದು ಅವಳಿಗೆ ಹಳೆಯ ಕಾಲದಿಂದ ಗೊತ್ತಿತ್ತು.

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎನ್ನುತ್ತಿದ್ದರು. ಶರ್ಟಿನ ಕಾರ್ಖಾನೆಯಲ್ಲಿ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದ ಗೆರೆಯ ಮೇಲೆ ಯಂತ್ರದ ಅಲಗು ಓಡಿಸುವುದು ಅವಳ ಕೆಲಸ. ಗೆರೆ ತಪ್ಪಿದರೆ ಹಾಳಾಗುವುದು ಒಂದು ಶರ್ಟಲ್ಲ, ಇಡೀ ಅಟ್ಟಿ. ಅವಳ ಕೈ ತಪ್ಪಿದ್ದನ್ನು ಕಂಡವರಿರಲಿಲ್ಲ. ಹೋದ ತಿಂಗಳು ಗುಂಡಿ ತಂದುಕೊಡುವ ಮುದುಕ ಪೊಟ್ಟಣಗಳನ್ನು ಇಳಿಸುತ್ತಾ, "ನಿಮ್ಮ ಹಳೇ ಯಜಮಾನ್ರು ಹೋಗಿಬಿಟ್ರಲ್ಲಮ್ಮ, ಪಾಪ. ಎದೆನೋವು ಅಂದ್ರಂತೆ, ಆಸ್ಪತ್ರೆ ಮುಟ್ಟೋಕೆ ಮುಂಚೇನೇ ಮುಗೀತಂತೆ. ಆಗಲೇ ಮೂರು ವಾರ ಆಯ್ತಲ್ಲ" ಎಂದ. ಅವಳಿಗೆ ವಿಷಯ ಗೊತ್ತಿದೆ ಎಂದೇ ಅವನು ತಿಳಿದಿದ್ದ. "ಹೂಂ" ಎಂದು ಅವಳು ಅಲಗು ಓಡಿಸಿದಳು. ಅವತ್ತು ಒಂದು ಅಟ್ಟಿ ತೋಳುಗಳು ಬೆರಳಗಲ ಗಿಡ್ಡವಾದವು.

ರಜೆ ಕೇಳಲು ಆಫೀಸಿಗೆ ಹೋದಾಗ ಅಲ್ಲಿನ ಗುಮಾಸ್ತೆ, ಮನೆಯವರ ಸಾವಾದರೆ ಇಷ್ಟು ದಿನ, ನೆಂಟರದಾದರೆ ಇಷ್ಟು ಎಂದು ಬಾಯಿಪಾಠ ಒಪ್ಪಿಸಿ, "ಅವರು ನಿಮಗೆ ಏನಾಗಬೇಕು?" ಎಂದು ಕೇಳಿದಳು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಕತ್ತರಿಯಕ್ಕ ಬಾಯಿ ತೆರೆದಳು. ಗಂಡ ಎನ್ನುವಂತಿಲ್ಲ, ಅದನ್ನು ಕೋರ್ಟು ಎಂದೋ ಬಿಡಿಸಿ ಕೈಗೆ ಕೊಟ್ಟಿತ್ತು. ಅವನು ಬೇರೆ ಮದುವೆಯಾಗಿ, ಒಂದು ಮಗುವೂ ಆಗಿತ್ತು. ನೆಂಟ ಎಂದರೆ ನಾಲಿಗೆ ಏಳುವುದಿಲ್ಲ. ಗುರುತಿನವನು ಎಂದರೆ ಅದರಷ್ಟು ದೊಡ್ಡ ಸುಳ್ಳು ಇನ್ನೊಂದಿಲ್ಲ. "ಏನೂ ಆಗಬೇಕಾಗಿಲ್ಲ, ಬಿಡಿ" ಎಂದು ಮೇಜಿಗೆ ಮರಳಿದಳು.

ಏನೂ ಆಗಬೇಕಾಗಿಲ್ಲದವನಿಗಾಗಿ ಅಳುವುದು ಹೇಗೆ? ಅವಳದು ಲಾಂಡ್ರಿಯೊಂದರ ಮೇಲಿನ ಒಂಟಿ ಬಾಡಿಗೆ ಕೋಣೆ. ಗೋಡೆಯ ಆಚೆಯವರಿಗೆ ಕೇಳಿಸೀತೆಂದು ನಲ್ಲಿ ತಿರುಗಿಸಿಕೊಂಡು ನಿಂತಳು. ಅಳು ಬರಲಿಲ್ಲ, ಬಕೆಟ್ಟು ಮಾತ್ರ ತುಂಬಿತು. ಆ ಮನುಷ್ಯನ ಜೊತೆ ಅವಳು ಜಗಳವಾಡಿ ಬಿಟ್ಟುಬಂದವಳಲ್ಲ. ಜಗಳವಾಡಿದ್ದರೆ ಉಳಿಯುತ್ತಿತ್ತೋ ಏನೋ. ಇಬ್ಬರೂ ಮಾತು ಕಡಿಮೆಯವರು. ಕಡಿಮೆ ಮಾತು ಕಡಿಮೆಯಾಗುತ್ತಾ ಬಂದು ಒಂದು ದಿನ ಪೂರ್ತಿ ನಿಂತಿತು. ಆಮೇಲೆ ಅವನಿಗೆ ಮಾತಾಡಿಸುವವಳೊಬ್ಬಳು ಸಿಕ್ಕಿದಳು. ಅವಳನ್ನು ದೂರುವುದಕ್ಕೂ ಕತ್ತರಿಯಕ್ಕನಿಗೆ ಮನಸ್ಸು ಬಂದಿರಲಿಲ್ಲ.

ಅವನಿಗಾಗಿ ತನ್ನ ಜೊತೆ ಕೂತು ಅಳಬಹುದಾದ ಜೀವ ಈ ಜಗತ್ತಿನಲ್ಲಿ ಒಂದೇ ಒಂದಿತ್ತು. ಅದು ಅವನ ತಾಯಿ. ಅಲ್ಲಿಗೆ ಹೋಗಬೇಕು, ಒಂದು ರಾತ್ರಿ ಆ ಮನೆಯಲ್ಲಿ ಮಲಗಬೇಕು, ಇಬ್ಬರೂ ಒಂದು ಸಲ ಅತ್ತು ಹಗುರಾಗಬೇಕು. ಅವಳ ಆಸೆ ಅಷ್ಟೇ. ಫೋನ್ ಮಾಡಿದಾಗ ಆ ಕಡೆ ಗಾಳಿಯ ಸದ್ದು ಜೋರಾಗಿತ್ತು.

"ಅತ್ತೆ, ನಾನು."

"ಗೊತ್ತಾಯ್ತು."

"ಭಾನುವಾರ ಬರ್ತೀನಿ ಅತ್ತೆ."

"ಬಾ. ನಾನೇನು ಬೇಡ ಅಂದ್ನಾ?"

ಹಿಂದೆಲ್ಲ ಇಂಥ ಒಂದು ಮಾತಿಗೆ ಅವಳು ಎರಡು ದಿನ ಮುಖ ಊದಿಸಿಕೊಂಡು ಓಡಾಡುತ್ತಿದ್ದಳು. ಈಗ ಇದನ್ನೇ ಕರೆಯೋಲೆ ಎಂದುಕೊಂಡಳು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ.

ಮುಂದಿನ ಜೆಟ್ಟಿಯಲ್ಲಿ ಸಂತೆಯೆಲ್ಲ ಇಳಿದುಹೋಯಿತು. ಬೋಟಿನಲ್ಲಿ ಉಳಿದದ್ದು ಅವಳೊಬ್ಬಳು, ಮೇಲಿನ ಗೂಡಿನಲ್ಲಿ ಚುಕ್ಕಾಣಿ ಹಿಡಿದ ಚಾಲಕ, ಕೆಳಗೆ ಹಗ್ಗ ಎಸೆಯುವ, ಟಿಕೆಟ್ ನೋಡುವ, ಮಕ್ಕಳು ಕಟಕಟೆಯ ಮೇಲೆ ಹತ್ತಿದರೆ ಗದರುವ ಎಲ್ಲ ಕೆಲಸಕ್ಕೂ ಒಬ್ಬನೇ ಆದ ಒಬ್ಬ ಗುಂಡುಗುಂಡಾದ ಮನುಷ್ಯ. ಜನ ಅವನನ್ನು ಹಗ್ಗದಣ್ಣ ಎಂದು ಕರೆಯುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು. ಅವಳ ಕಾಲದ ಬೋಟಿನವರು ಒಬ್ಬರೂ ಈಗ ಇರಲಿಲ್ಲ.

ಬೋಟು ಸಮುದ್ರಕ್ಕೆ ಚಾಚಿದ ದ್ವೀಪದ ಮೂತಿಯನ್ನು ಸುತ್ತಿ ಹಿಂದಕ್ಕೆ ತಿರುಗಿತು. ಆ ಕಡೆಗೆ ಒಂದಾನೊಂದು ಕಾಲದಲ್ಲಿ ಮೀನು ಡಬ್ಬಿಗೆ ತುಂಬುವ ಶೆಡ್ಡಿತ್ತು, ಶೆಡ್ಡಿನ ಹಿಂದೆ ಕೆಲಸಗಾರರ ಮನೆಗಳ ಸಾಲಿತ್ತು. ಅವಳು ಮದುವೆಯಾಗಿ ಬಂದಾಗ ಬೆಳಿಗ್ಗೆ ಸಂಜೆ ಈ ಜೆಟ್ಟಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಶೆಡ್ಡು ಮುಚ್ಚಿತು, ಮನೆಗಳು ಒಂದೊಂದಾಗಿ ಖಾಲಿಯಾದವು. ಅತ್ತೆ ಮಾತ್ರ ಕದಲಲಿಲ್ಲ. ಶೆಡ್ಡಿನ ಕೆಲಸ ಹೋದ ಮೇಲೆ ಬೋಟುಗಳ ಮೇಲುಹೊದಿಕೆ, ನೀರಲ್ಲಿ ಮುಳುಗದಂತೆ ತೊಡುವ ತೇಲುಅಂಗಿಗಳ ಪಟ್ಟಿ ಹೊಲಿದುಕೊಡುವ ಕೆಲಸ ಹಿಡಿದು, ಸಾಲಿನ ತುದಿಯ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರು ಕೂತೇ ಇದ್ದರು.

ಜೆಟ್ಟಿ ಕಣ್ಣಿಗೆ ಬಿದ್ದಾಗ ಅವಳು ಎದ್ದು ನಿಂತಳು. ಜೆಟ್ಟಿಯ ತುದಿಯ ಕಬ್ಬಿಣದ ಕಂಬದ ಮೇಲೆ ಒಂದು ಕೆಂಪು ಬಟ್ಟೆ ಹಾರಾಡುತ್ತಿತ್ತು. ಅವಳ ಕಾಲದಲ್ಲಿ ಅಲ್ಲಿ ಅಂಥದ್ದೇನೂ ಇರಲಿಲ್ಲ. ಸಂಸಾರ ಮಾಡಿಕೊಂಡಿದ್ದ ದಿನಗಳಲ್ಲಿ ತವರಿಗೆ ಹೋಗಿ ಬಂದರೂ ಬಾಗಿಲವರೆಗೆ ಬಂದು "ಬಂದ್ಯಾ" ಎನ್ನದ ಅತ್ತೆ ಇವತ್ತು ದೂರದಿಂದಲೇ ಕಾಣುವಂತೆ ಬಟ್ಟೆ ಕಟ್ಟಿದ್ದಾರೆ!

ಹಗ್ಗದಣ್ಣ ಹಗ್ಗದ ಸುರುಳಿ ಕೈಗೆತ್ತಿಕೊಳ್ಳುತ್ತಾ, "ಕಟ್ಟಿದಾರೆ ನೋಡಿ ಅಜ್ಜಿ" ಎಂದು ನಕ್ಕ.

"ನಂಗೋಸ್ಕರ" ಎಂದಳು ಅವಳು.

ಅವನು ಅವಳ ಮುಖ ನೋಡಿದ. ಏನೋ ಹೇಳುವವನಿದ್ದ, ಅಷ್ಟರಲ್ಲಿ ಬೋಟು ಕಲ್ಲಿಗೆ ತಾಗಿತು. ಅವನು ಹಗ್ಗ ಎಸೆದ, ಅವಳು ಇಳಿದಳು. ಹತ್ತುವವರು ಯಾರೂ ಇರಲಿಲ್ಲ.

ಮೆಟ್ಟಿಲು ಹತ್ತಿ ಸಾಲುಮನೆಗಳನ್ನು ದಾಟಿದಳು. ಕದಗಳಿಗೆ ಬಡಿದ ಹಲಗೆಗಳು, ಕಿತ್ತುಹೋದ ಹಂಚು. ತುದಿಯ ಮನೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅತ್ತೆ ಕಿಟಕಿಯ ಬಳಿ, ಕಿತ್ತಳೆ ಬಣ್ಣದ ತೇಲುಅಂಗಿಗಳ ರಾಶಿಯ ನಡುವೆ ಕೂತಿದ್ದರು. ಮೊದಲಿಗಿಂತ ಸಣ್ಣಗಾಗಿದ್ದರು. ಕನ್ನಡಕದ ಒಂದು ಕಡ್ಡಿಯ ಬದಲು ದಾರ.

"ಬಂದ್ಯಾ? ಚಪ್ಪಲಿ ಹೊರಗೇ ಬಿಡು, ಮರಳು."

ಸೊಸೆಯ ಕಾಲಿಗೆ ಒಂದು ಬೂದು ಬಣ್ಣದ ಬೆಕ್ಕು ಬಂದು ತಿಕ್ಕಿಕೊಂಡಿತು. ಅತ್ತೆ ತಲೆಯೆತ್ತದೆ ಹೇಳಿದರು, "ನೀನಿದ್ದಾಗ ಒಂದಿತ್ತಲ್ಲ, ಅದರ ಮರಿಯ ಮರಿ. ಬೈಬೇಕು ಅನ್ಸಿದ್ರೆ ಬೈಯಿ. ಆ ವಂಶಕ್ಕೆ ರೂಢಿ ಇದೆ."

ಅವಳಿಗೆ ನಗು ಬಂತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆಯನ್ನು ಅವಳು ಈ ಮನೆಯಲ್ಲಿ ಅಕ್ಷರಶಃ ಪಾಲಿಸಿದ್ದಳು. ಅತ್ತೆಗೆ ಹೇಳಬೇಕಾದ್ದನ್ನೆಲ್ಲ ಒಲೆಯ ಬಳಿ ಮಲಗಿದ್ದ ಬೆಕ್ಕಿಗೆ ಹೇಳುತ್ತಿದ್ದಳು. ಅತ್ತೆ ಇಷ್ಟು ವರ್ಷ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು! ಅತ್ತೆಯ ಮನಸ್ಸು ಇವತ್ತು ಮೆತ್ತಗಿದೆ ಎಂದುಕೊಂಡು ಅವಳು ಚೀಲವನ್ನು ಬೆಂಚಿನ ಕೆಳಗೆ ತಳ್ಳಿದಳು. ಚೀಲದಲ್ಲಿ ಮೇಲೆ ಹಣ್ಣು ಮತ್ತು ಅತ್ತೆಗೆಂದು ತಂದ ಯಂತ್ರದ ಸೂಜಿಗಳ ಪೊಟ್ಟಣ. ಅದರ ಕೆಳಗೆ ರಾತ್ರಿಗೆಂದು ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು.

"ಕೆಂಪು ಬಟ್ಟೆ ನೋಡ್ದೆ ಅತ್ತೆ. ದೂರದಿಂದಾನೇ ಕಾಣ್ತು. ಖುಷಿ ಆಯ್ತು ನಂಗೆ."

ಯಂತ್ರ ನಿಂತಿತು. "ಯಾಕೆ ಖುಷಿ?"

"ನಂಗೋಸ್ಕರ ಕಟ್ಟಿದ್ರಲ್ಲಾ."

ಅತ್ತೆ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ನೋಡಿ ಕಿಟಕಿಯ ಕಡೆ ತಿರುಗಿದರು. "ಹೂಂ, ನಿಂಗೋಸ್ಕರಾನೇ. ಈಗ ಮೊದಲಿನ ಹಾಗಲ್ಲ ಕಣೇ. ಇಲ್ಲಿಂದ ಹತ್ತೋರಿದಾರೆ ಅಂತ ಬಟ್ಟೆ ಕಟ್ಟಿದ್ರೆ ಮಾತ್ರ ಬೋಟು ಈ ಕಡೆ ತಿರುಗೋದು. ಇಲ್ದಿದ್ರೆ ಮೂತಿ ಹತ್ರದಿಂದಾನೇ ನೋಡಿ ವಾಪಸ್ಸು. ಸಂಜೆ ಮರೆತುಗಿರೆತು ಹೋದ್ರೆ ನಿಂಗೆ ಕಷ್ಟ ಅಂತ ಬೆಳಿಗ್ಗೇನೇ ಕಟ್ಟಿಟ್ಟೆ."

ಬಂದವಳಿಗೆ ಇನ್ನೂ ಒಂದು ಲೋಟ ಚಹಾ ಸಿಕ್ಕಿರಲಿಲ್ಲ, ಹೋಗುವ ವ್ಯವಸ್ಥೆ ಮಾತ್ರ ಅಚ್ಚುಕಟ್ಟಾಗಿ ಆಗಿತ್ತು. ಬೋಟಿನಲ್ಲಿ ಆ ಮನುಷ್ಯನ ಮುಂದೆ ಎಷ್ಟು ಹೆಮ್ಮೆಯಿಂದ "ನಂಗೋಸ್ಕರ" ಎಂದಿದ್ದಳು! ಅವಳು ಕಾಲಿನಿಂದ ಚೀಲವನ್ನು ಬೆಂಚಿನಡಿ ಇನ್ನೂ ಒಳಗೆ ಸರಿಸಿದಳು.

ಚಹಾ ಆಯಿತು, ಊಟ ಆಯಿತು. ಅತ್ತೆ ಮೀನು ಹುರಿದಿದ್ದರು. ಅವಳಿಗೆ ಬಾಲದ ಕಡೆಯದು ಇಷ್ಟವೆಂದು ನೆನಪಿಟ್ಟು ಅದನ್ನೇ ಬಡಿಸಿದರು. ಆದರೆ ಮಾತೆಲ್ಲ ಅಂಚಿನಲ್ಲೇ ಸುತ್ತುತ್ತಿತ್ತು. ಉಪ್ಪುಗಾಳಿಗೆ ಯಂತ್ರ ತುಕ್ಕು ಹಿಡಿಯುವುದು, ಬೆಕ್ಕು ಪಕ್ಕದ ಖಾಲಿ ಮನೆಯಲ್ಲಿ ಮರಿ ಹಾಕಿದ್ದು, ತೇಲುಅಂಗಿಯ ಈಗಿನ ಬಟ್ಟೆಯ ಕಳಪೆತನ. ಅವಳು ಎರಡು ಮೂರು ಸಲ ಮಾತನ್ನು ಅವನ ಕಡೆ ತಿರುಗಿಸಲು ನೋಡಿದಳು.

"ಅತ್ತೆ, ಕೊನೇಲಿ ಅವರು ಏನಾದ್ರೂ..."

ಅತ್ತೆಯ ಕಾಲು ಪೆಡಲಿನ ಮೇಲೆ ಹೋಯಿತು. ಯಂತ್ರದ ಸದ್ದಿನಲ್ಲಿ ಉಳಿದ ಮಾತು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವನ ಈಗಿನ ಹೆಂಡತಿಯ ವಿಷಯ ಕೇಳಿದಾಗ ಮಾತ್ರ ಉತ್ತರ ಸಿಕ್ಕಿತು.

"ಅವಳಾ? ಮಗೂನ ಕರ್ಕೊಂಡು ಅಣ್ಣನ ಮನೆಗೆ ಹೋದ್ಳು. ಒಳ್ಳೇ ಹುಡುಗಿ, ಏನೂ ಹೇಳೋ ಹಾಗಿಲ್ಲ. ಆದ್ರೆ ಬೋಟು ಹತ್ತಿದ್ರೆ ವಾಂತಿ ಅವಳಿಗೆ. ಮದುವೆ ಆದಮೇಲೆ ಒಂದು ಸಲ ಬಂದಿದ್ದು, ಇಳಿಯೋ ಹೊತ್ತಿಗೆ ಅರ್ಧ ಜೀವ ಆಗಿದ್ಳು. ಭಾನುವಾರ ಭಾನುವಾರ ಇವನೊಬ್ಬನೇ ಬರೋನು."

ಇದು ಅವಳಿಗೆ ಗೊತ್ತಿರಲಿಲ್ಲ. ಅವನು ಪ್ರತಿ ಭಾನುವಾರ ಬರುತ್ತಿದ್ದನೇ? ಹಾಗಾದರೆ ಅವಳು ಕೋಣೆಯಲ್ಲಿ ಒಬ್ಬಳೇ ಬಟ್ಟೆ ಒಗೆಯುತ್ತಾ ಕಳೆದ ಭಾನುವಾರಗಳಲ್ಲೆಲ್ಲ ಅವನು ಈ ಬೆಂಚಿನ ಮೇಲೆ ಕೂತಿರುತ್ತಿದ್ದ. ಅವಳು ಬೆಂಚಿನ ಮೇಲೆ ಸುಮ್ಮನೆ ಕೈ ಇಟ್ಟಳು.

ಮಧ್ಯಾಹ್ನದ ಮೇಲೆ ಗಾಳಿ ಜೋರಾಯಿತು. ಅತ್ತೆ ಕಿಟಕಿಯಿಂದ ಬಗ್ಗಿ ನೋಡಿ "ಥತ್" ಎಂದರು. ಕಂಬದ ಮೇಲಿನ ಬಟ್ಟೆಯ ಒಂದು ಅಂಚು ಬಿಟ್ಟುಕೊಂಡು ಚಿಂದಿಯಾಗಿ ಬಡಿಯುತ್ತಿತ್ತು.

"ಹೋಗಿ ಬಿಚ್ಕೊಂಡು ಬಾ. ಹೊಲಿಯೋಣ."

ಅವಳು ಇಳಿದುಹೋಗಿ ಬಿಚ್ಚಿ ತಂದಳು. ಬಟ್ಟೆ ಮುಟ್ಟಿ ಬದುಕುವ ಕೈ, ಮುಟ್ಟಿದ ಕೂಡಲೇ ನೋಡಿತು. ಬಿಸಿಲಿಗೆ ಒಂದು ಮಗ್ಗುಲು ತೀರಾ ಮಾಸಿತ್ತು, ಅಂಚಿನಲ್ಲಿ ಹೊಲಿಗೆಯ ಮೇಲೆ ಹೊಲಿಗೆ ಬಿದ್ದಿತ್ತು. ಮನೆಯಲ್ಲಿದ್ದ ಯಾವುದೋ ಹಳೆಯ ತುಂಡನ್ನು ಕಟ್ಟಿದ್ದಾರೆ, ಹೊಸದಾಗಿ ಕತ್ತರಿಸುವಷ್ಟು ದೊಡ್ಡ ನೆಂಟಳೇನಲ್ಲವಲ್ಲ ತಾನು ಎಂದುಕೊಂಡಳು.

"ಕೆಂಪು ಮೇಲೆ ಕೆಂಪು ದಾರ, ನಂಗೆ ಕಣ್ಣು ಹಿಡಿಯಲ್ಲ. ನೀನೇ ಕೂತ್ಕೋ" ಎಂದು ಅತ್ತೆ ಯಂತ್ರ ಬಿಟ್ಟೆದ್ದರು. ಈ ಮನೆಯಲ್ಲಿ ಅವರು ಅವಳಿಗೆ ಯಂತ್ರ ಬಿಟ್ಟುಕೊಟ್ಟದ್ದು ಇದೇ ಮೊದಲು. ಕೆಲಸ ಕಲಿಸುವಾಗಲೂ ಪಕ್ಕದ ಸ್ಟೂಲೇ ಅವಳ ಪಾಲಿಗೆ.

"ನನ್ನ ಕಳಿಸೋ ಬಾವುಟ ನಾನೇ ಹೊಲೀಬೇಕಾ ಅತ್ತೆ?"

ಅತ್ತೆಯ ತುಟಿ ಸ್ವಲ್ಪ ಅಲುಗಿತು. ನಗುವೆಂದರೆ ನಗು. "ಮಾತು ಕಲ್ತಿದೀಯಾ. ಗಟ್ಟಿಯಾಗಿ ಹೊಲಿ, ಎರಡು ಮಡಿಕೆ ಹಾಕಿ."

"ಒಂದು ಸಂಜೆಗೆ ಎರಡು ಮಡಿಕೆ ಯಾಕೆ?"

"ಹೊಲಿಗೆ ಅಂದ್ಮೇಲೆ ಹೊಲಿಗೆ. ಅರೆಬರೆ ಕೆಲಸ ಈ ಮನೇಲಿ ಯಾವತ್ತಿತ್ತು?"

ಅವಳು ಎರಡು ಮಡಿಕೆ ಮಡಚಿ, ಹೊಸ ಸೂಜಿ ಹಾಕಿ, ನಿಧಾನವಾಗಿ ಅಂಚು ಓಡಿಸತೊಡಗಿದಳು. ಅತ್ತೆ ಬೆಕ್ಕನ್ನು ತೊಡೆಯ ಮೇಲೆ ಎಳೆದುಕೊಂಡು ಪಕ್ಕದ ಸ್ಟೂಲಿನ ಮೇಲೆ ಕೂತರು. ಒಂದು ಬದಿ ಮುಗಿದು ಮೂಲೆ ತಿರುಗಿಸುವಾಗ ಇದ್ದಕ್ಕಿದ್ದಂತೆ ಕೇಳಿದರು.

"ಅವನ ಕಾಲರ್ ಅಳತೆ ನೆನಪಿದ್ಯಾ ನಿಂಗೆ?"

ಅವಳ ಕಾಲು ಪೆಡಲಿನ ಮೇಲೆ ನಿಂತಿತು. "ಹದಿನೈದೂವರೆ."

"ಹೆಗಲು?"

"ಬಲಗಡೆ ಅರ್ಧ ಇಂಚು ಇಳಿಕೆ. ಚಿಕ್ಕಂದಿನಲ್ಲಿ ಮೆಟ್ಟಿಲ ಮೇಲಿಂದ ಬಿದ್ದಿದ್ದು."

"ಹೂಂ." ಅತ್ತೆ ಬೆಕ್ಕಿನ ಬೆನ್ನು ಸವರಿದರು. "ಕಳಿಸೋ ದಿನ ಅವನಿಗೆ ಅಂಗಡಿ ಶರ್ಟು ಹಾಕಿದ್ರು. ಹೊಸದು, ಚೆನ್ನಾಗೇ ಇತ್ತು. ಬಲ ಹೆಗಲು ಕೂತಿರ್ಲಿಲ್ಲ, ಎದ್ದು ನಿಂತಿತ್ತು. ಅಷ್ಟು ಜನ ಸುತ್ತ ನಿಂತು ಅಳ್ತಿದ್ರು, ಯಾರಿಗೂ ಕಾಣಿಸ್ಲಿಲ್ಲ. ನಂಗೆ ಅದೊಂದೇ ಕಾಣಿಸ್ತಿತ್ತು."

ಅವಳ ಕಣ್ಣ ಮುಂದೆ ಕೆಂಪು ಬಟ್ಟೆ ಕಲಸಿಹೋಯಿತು. ಆ ಹೆಗಲನ್ನು ಅವಳು ಕಂಡಳು. ಅದಕ್ಕಾಗಿ ಅವಳು ಎಷ್ಟು ಶರ್ಟು ಕತ್ತರಿಸಿದ್ದಳು, ಪ್ರತಿ ಸಲವೂ ಕಾಗದದ ಅಳತೆಯನ್ನು ಅಲ್ಲಿ ಒಂದಿಷ್ಟು ತಗ್ಗಿಸಿ. ಈಗ ಅತ್ತೆ ಅಳುತ್ತಾರೆ, ನಾನೂ ಅಳುತ್ತೇನೆ, ಬಂದದ್ದು ಸಾರ್ಥಕವಾಯಿತು ಎಂದು ಅವಳು ಅತ್ತೆಯ ಕಡೆಗೆ ತಿರುಗಿದಳು. ಕೈ ಚಾಚಿದಳು ಕೂಡ.

"ದಾರ ಕತ್ತರ್ಸು" ಎಂದರು ಅತ್ತೆ. "ಮೂಲೇಲಿ ಗುಬುಟು ಕಟ್ತಿದೆ ನೋಡು."

ಅವಳು ದಾರ ಕತ್ತರಿಸಿದಳು.

ಬಟ್ಟೆಯನ್ನು ಮತ್ತೆ ಕಂಬಕ್ಕೆ ಕಟ್ಟಿ ಬಂದಾಗ ಬಿಸಿಲು ಇಳಿಯುತ್ತಿತ್ತು. ಅವಳು ಬೆಂಚಿನ ಕೆಳಗಿನಿಂದ ಚೀಲ ಎಳೆದಳು. ಹಣ್ಣು ತೆಗೆದಿಟ್ಟಾಗ ಕೆಳಗಿದ್ದ ರಾತ್ರಿಯ ಬಟ್ಟೆ ಹೊರಗೆ ಇಣುಕಿತು. ಅತ್ತೆಗೆ ಕಂಡಿತೋ ಇಲ್ಲವೋ ತಿಳಿಯಲಿಲ್ಲ. ಕೇಳಬಾರದು ಎಂದುಕೊಂಡೇ ಕೇಳಿದಳು.

"ಇವತ್ತು ಇಲ್ಲೇ ಇರಲಾ ಅತ್ತೆ?"

"ನಾಳೆ ಕೆಲಸ ಇಲ್ವಾ ನಿಂಗೆ?"

"ಇದೆ."

"ಮತ್ತೆ? ಬೆಳಿಗ್ಗೆ ಬೋಟು ಹೊತ್ತೇರಿದ ಮೇಲೇನೇ ಬರೋದು. ಒಂದು ದಿನದ ಕೆಲಸ ಕೆಡಿಸ್ಕೋಬೇಡ. ಕೊನೇವರೆಗೂ ಜೊತೆಗಿರೋದು ಅದೊಂದೇ ಕಣೇ."

ಅವಳು ಚೀಲದ ಬಾಯಿ ಕಟ್ಟಿದಳು. ಅತ್ತೆ ಅವಳು ತಂದ ಹಣ್ಣುಗಳಲ್ಲಿ ಅರ್ಧವನ್ನು ವಾಪಸ್ ಅವಳ ಕೈಗೆ ತುರುಕಿ, "ಇಷ್ಟೆಲ್ಲ ನಾನೊಬ್ಬಳು ತಿಂತೀನಾ" ಎಂದರು. ಮೊಣಕಾಲು ನೋವೆಂದು ಜೆಟ್ಟಿಗೆ ಇಳಿಯಲಿಲ್ಲ. ಬೇಲಿಯ ಗೇಟಿನವರೆಗೆ ಬಂದು ನಿಂತರು. ಮೆಟ್ಟಿಲಿಳಿಯುತ್ತಾ ಅವಳು ಒಮ್ಮೆ ತಿರುಗಿ ನೋಡಿದಳು. ಅವರು ನೋಡುತ್ತಿದ್ದುದು ಅವಳನ್ನಲ್ಲ, ಮೂತಿಯ ಕಡೆಯಿಂದ ಬೋಟು ಬರುವ ದಾರಿಯನ್ನು.

ಬೋಟಿನಲ್ಲಿ ಮುಂದಿನ ಜೆಟ್ಟಿಯಿಂದ ಹತ್ತಿದ ಜನ ಬಿಸಿಲಿಗೆ ಬಾಡಿ, ಮಕ್ಕಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಎಂಜಿನ್ನಿನ ಪಕ್ಕದ ಬೆಂಚು ಅವಳಿಗಾಗಿಯೇ ಎಂಬಂತೆ ಖಾಲಿಯಿತ್ತು. ಕೂತಳು. ಎಂಜಿನ್ನು ಗುಡುಗಲು ಶುರುವಾಯಿತು, ಅಷ್ಟೇ, ಅಷ್ಟು ದಿನ ಬಾರದಿದ್ದ ಅಳು ಬಂತು. ಈ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂಬುದೊಂದು ಪುಣ್ಯ. ಅವನಿಗಾಗಿ ಅತ್ತಳು, ಆ ಹೆಗಲಿಗಾಗಿ ಅತ್ತಳು. ಹೆಚ್ಚಾಗಿ, ಒಂದು ರಾತ್ರಿಗೂ ತನ್ನನ್ನು ಇಟ್ಟುಕೊಳ್ಳದ ಮನೆಯನ್ನು ನೆನೆದು ಅತ್ತಳು.

ಹಗ್ಗದಣ್ಣ ಟಿಕೆಟ್ ನೋಡಲು ಬಂದವನು ಅವಳ ಮುಖ ನೋಡಿ ಹಾಗೇ ತಿರುಗಿಹೋದ. ಒಂದು ಸುತ್ತು ಹಾಕಿ, ಸಾಕಷ್ಟು ಹೊತ್ತು ಕೊಟ್ಟೆ ಎನಿಸಿದ ಮೇಲೆ ಮತ್ತೆ ಬಂದು ಕಟಕಟೆಗೆ ಒರಗಿ ನಿಂತ.

"ಇವತ್ತು ನಿಜವಾಗ್ಲೂ ಒಬ್ರು ಹತ್ತಿದ್ರಲ್ಲಮ್ಮ, ನನ್ನ ಕಣ್ಣು ನಾನೇ ನಂಬಲಿಲ್ಲ."

"ಯಾಕೆ? ಬಟ್ಟೆ ಕಟ್ಟಿತ್ತಲ್ಲ."

"ಬಟ್ಟೆ!" ಅವನು ನಕ್ಕ. "ಅದು ದಿನಾ ಇರುತ್ತಮ್ಮ. ಅಜ್ಜಿ ಮಗ ಹೋದಾಗಿಂದ ಒಂದು ದಿನ ತಪ್ಪಿಲ್ಲ. ಬೆಳಿಗ್ಗೆ ನೋಡಿದ್ರೂ ಇರುತ್ತೆ, ಸಂಜೆ ನೋಡಿದ್ರೂ ಇರುತ್ತೆ. ಬಟ್ಟೆ ಕಂಡ್ಮೇಲೆ ನಾವು ಹೋಗಲೇಬೇಕು. ಹೋಗ್ತೀವಿ, ಒಂದು ನರಪಿಳ್ಳೇನೂ ಇರಲ್ಲ. ಮೇಲೆ ಗೇಟಿನ ಹತ್ರ ಅಜ್ಜಿ ನಿಂತ್ಕೊಂಡು ನೋಡ್ತಾ ಇರ್ತಾರೆ. ಅಷ್ಟೇ. ನಾವು ತಿರುಗಿಸ್ಕೊಂಡು ಬರ್ತೀವಿ."

ಅವಳು ಕಣ್ಣೊರೆಸಿಕೊಂಡು ಅವನ ಕಡೆ ತಿರುಗಿದಳು.

"ದಿನಾನಾ?"

"ದಿನಾ. ಒಂದಿನ ಸಿಟ್ಟು ಬಂದು ಮೇಲೆ ಹತ್ತಿ ಕೇಳೇಬಿಟ್ಟೆ, ಏನಜ್ಜಿ ಇದು, ಹತ್ತೋರೂ ಇಲ್ಲ ಏನೂ ಇಲ್ಲ ಅಂತ. 'ಬಂದು ಹೋಗಪ್ಪ, ನಿನ್ನ ಗಂಟೇನು ಹೋಗುತ್ತೆ' ಅಂದ್ರು. ಅಂದು ಚಹಾ ಕೊಟ್ರು. ಏನು ಮಾತಾಡ್ಲಿ ಹೇಳಿ?"

ಅವಳು ಎದ್ದು ಹಿಂಬದಿಯ ಕಟಕಟೆಗೆ ಹೋದಳು. ಜೆಟ್ಟಿ ಇನ್ನೂ ಕಾಣುತ್ತಿತ್ತು. ಬಿಸಿಲಿಗೆ ಮಾಸಿದ ಮಗ್ಗುಲು, ಹೊಲಿಗೆಯ ಮೇಲೆ ಹೊಲಿಗೆ, ಎರಡು ಮಡಿಕೆ. ತನ್ನ ಕೈಯಲ್ಲೇ ಹಿಡಿದು ನೋಡಿದ್ದಳು. ಬಟ್ಟೆಯ ವಿಷಯದಲ್ಲಿ ಮೋಸಹೋಗದವಳು ಬಟ್ಟೆಯ ವಿಷಯದಲ್ಲೇ ಮೋಸಹೋಗಿದ್ದಳು. ನಿಂಗೋಸ್ಕರಾನೇ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟರು ಮುದುಕಿ! ಹಲ್ಲು ಕಚ್ಚಿಕೊಂಡು ಬದುಕಿದವರು, ಬೇರೆ ಏನೆಂದು ಹೇಳಿಯಾರು?

ಹಗ್ಗದಣ್ಣ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಒಂದು ಉಪಕಾರ ಮಾಡ್ತೀರಾ? ಆಫೀಸಿನವರಿಗೆ ಗೊತ್ತಾಗ್ಹೋಗಿದೆ. ಸುಮ್ ಸುಮ್ನೆ ಡೀಸೆಲ್ ಸುಡ್ತಿದೀರಿ, ಸೋಮವಾರದಿಂದ ಬಟ್ಟೆ ನೋಡಿ ಹೋಗಬೇಡಿ, ಬೋಟಲ್ಲಿ ಇಳಿಯೋರಿದ್ರೆ ಮಾತ್ರ ಹೋಗಿ ಅಂದಿದಾರೆ. ಅಜ್ಜಿಗೆ ಹೇಳೋಕೆ ನಂಗೆ ಬಾಯೇ ಬರ್ತಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ದೂಡ್ದೆ. ನೀವೇ ಫೋನಲ್ಲಿ ಒಂದ್ಮಾತು ಹೇಳ್ಬಿಡಿ, ಇನ್ಮೇಲೆ ಕಟ್ಟೋದು ಬೇಡ ಅಂತ." ತಡೆದು ಕೇಳಿದ, "ನೀವು ಅವರಿಗೆ ಏನಾಗಬೇಕು?"

"ಸೊಸೆ."

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂದ ಮೇಲೆ ಅವಳಿಗೇ ಕೇಳಿಸಿತು. ಅವನು ಅದರಲ್ಲೇನೂ ವಿಶೇಷ ಕಾಣದೆ ತಲೆಯಾಡಿಸಿದ.

"ಇಳಿಯೋರಿದ್ರೆ ಹೋಗ್ತೀರಲ್ಲ?" ಎಂದಳು.

"ಇಳಿಯೋರಿದ್ರೆ ಹೋಗಲೇಬೇಕಲ್ಲಮ್ಮ, ಇಳಿಸಿದೋರನ್ನ ವಾಪಸ್ ಕರ್ಕೊಂಡು ಬರೋಕೂ. ಟಿಕೆಟ್ ತಗೊಂಡ್ಮೇಲೆ ಸಮುದ್ರದಲ್ಲಿ ಇಳಿ ಅನ್ನೋಕಾಗುತ್ತಾ?"

"ಹಾಗಾದ್ರೆ ಶನಿವಾರ ಸಂಜೆ ಬೋಟಲ್ಲಿ ಒಬ್ರಿದಾರೆ."

"ಸಂಜೆ ಇಳಿದ್ರೆ ಅವತ್ತು ವಾಪಸ್ ಬರೋಕೆ ಬೋಟಿಲ್ಲ, ಗೊತ್ತಲ್ಲ?"

"ಗೊತ್ತು."

ಅವನು ಅವಳನ್ನೊಮ್ಮೆ, ಜೆಟ್ಟಿಯನ್ನೊಮ್ಮೆ ನೋಡಿ, "ಆಯ್ತು" ಎಂದು, ಕಟಕಟೆ ಹತ್ತುತ್ತಿದ್ದ ಯಾರದೋ ಮಗುವನ್ನು ಗದರಲು ಹೋದ. ಬೋಟು ಮೂತಿಯ ಕಡೆ ತಿರುಗತೊಡಗಿತು. ಮೇಲೆ ಗೇಟಿನ ಬಳಿ ಸಣ್ಣ ಆಕೃತಿ ಇನ್ನೂ ನಿಂತಿತ್ತು. ತೋಳಿನಲ್ಲಿ ಬೂದು ಬಣ್ಣದ್ದೇನೋ ಇತ್ತು, ಬೆಕ್ಕಿರಬೇಕು. ಕೆಳಗೆ ಕಂಬದ ಮೇಲಿನ ಬಟ್ಟೆಯನ್ನು ಯಾರೂ ಇಳಿಸಿರಲಿಲ್ಲ. ಗಾಳಿ ಅದನ್ನು ಹಿಡಿದು ಪಟಪಟನೆ ಬಡಿಯುತ್ತಿತ್ತು. ಅಂಚು ಬಿಟ್ಟುಕೊಂಡಿರಲಿಲ್ಲ.